ಸೋಡಾದ ಗ್ಯಾಸ್ ಔಷಧಿಯೂ ಅಲ್ಲ, ವಿಷವೂ ಅಲ್ಲ: ಮನೆಯಲ್ಲಿ ಹಣ್ಣಿನ ಸೋಡಾ ಮಾಡುವ ಮುನ್ನ ತಿಳಿದಿರಲಿ

ಬೇಸಿಗೆ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಸೋಡಾ ಬಗ್ಗೆ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಒಂದು ಬಗೆಯವು ಹೆದರಿಸುತ್ತವೆ. ಸೋಡಾ ಕುಡಿದರೆ ಮೂಳೆ ಕರಗುತ್ತದೆ, ಹಲ್ಲು ಬೆಳಗಾಗುವುದರೊಳಗೆ ಮಾಯವಾಗುತ್ತದೆ, ನಾವು ಉಸಿರಿನಲ್ಲಿ ಹೊರಗೆ ಬಿಡುವ ವಿಷದ ಗಾಳಿಯನ್ನೇ ಮತ್ತೆ ಕುಡಿಯುತ್ತಿದ್ದೇವೆ ಎನ್ನುತ್ತವೆ. ಇನ್ನೊಂದು ಬಗೆಯವು ಆಸೆ ಹುಟ್ಟಿಸುತ್ತವೆ. ಊಟವಾದ ಮೇಲೆ ಒಂದು ಲೋಟ ಸೋಡಾ ಕುಡಿದರೆ ಬಿರಿಯಾನಿಯೂ ಕರಗುತ್ತದೆ, ಅಡುಗೆ ಸೋಡಾಕ್ಕೆ ನಿಂಬೆಹಣ್ಣು ಹಿಂಡಿ ಕುಡಿದರೆ ಕ್ಯಾನ್ಸರ್ ಕೂಡ ಹತ್ತಿರ ಸುಳಿಯುವುದಿಲ್ಲ ಎನ್ನುತ್ತವೆ. ಬೆಳಿಗ್ಗೆ ಮೊದಲನೆಯದನ್ನು ಕಳಿಸಿದವರೇ ಸಂಜೆ ಎರಡನೆಯದನ್ನೂ ಕಳಿಸಿರುತ್ತಾರೆ.

ಇದರ ಜೊತೆಗೆ ಈಗ ರೀಲ್ಸ್‌ಗಳ ಕಾಲ. ನೂರು ವರ್ಷದ ಹಿಂದೆ ಅಮೆರಿಕದ ಸೋಡಾ ಫೌಂಟನ್‌ಗಳಲ್ಲಿ ಸಿಗುತ್ತಿದ್ದ ಬಣ್ಣಬಣ್ಣದ ಹಣ್ಣಿನ ಪಾನೀಯಗಳನ್ನು ಮನೆಯಲ್ಲೇ ಮಾಡಿ ಎಂದು ತೋರಿಸುವ ವಿಡಿಯೊಗಳು ಎಲ್ಲೆಡೆ ಇವೆ. ಕೆಲವು ಒಳ್ಳೆಯವು. ಕೆಲವು ಆಸ್ಪತ್ರೆಗೆ ದಾರಿ ತೋರಿಸುವಂಥವು.

ಇಷ್ಟಕ್ಕೂ ಸೋಡಾದ ಲೋಟದಲ್ಲಿ ಏನಿದೆ? ಅದಕ್ಕೆ ಔಷಧಿಯ ಹೆಸರು ಬಂದದ್ದು ಹೇಗೆ? ಮನೆಯಲ್ಲಿ ಮಾಡುವುದಾದರೆ ಹೇಗೆ ಮಾಡಬೇಕು, ಯಾವುದನ್ನು ಮಾಡಲೇಬಾರದು? ಒಂದೊಂದಾಗಿ ನೋಡೋಣ.

ಸೋಡಾದಲ್ಲಿ ಸೋಡಾ ಇದೆಯೇ?

ಗೊಂದಲ ಹೆಸರಿನಿಂದಲೇ ಶುರುವಾಗುತ್ತದೆ. ನಮ್ಮ ಮನೆಗಳಲ್ಲಿ ನಾಲ್ಕು ವಸ್ತುಗಳಿಗೆ ಸೋಡಾ ಎನ್ನುತ್ತೇವೆ. ಅಂಗಡಿಯಲ್ಲಿ ಕುಡಿಯುವ ಸೋಡಾ, ಬೋಂಡಾ ಬಜ್ಜಿಗೆ ಹಾಕುವ ಅಡುಗೆ ಸೋಡಾ, ಬಟ್ಟೆ ಒಗೆಯುವ ವಾಷಿಂಗ್ ಸೋಡಾ, ಕಟ್ಟಿದ ಪೈಪಿಗೆ ಸುರಿಯುವ ಕಾಸ್ಟಿಕ್ ಸೋಡಾ. ಇವು ನಾಲ್ಕೂ ಬೇರೆ ಬೇರೆ.

ಕುಡಿಯುವ ಸೋಡಾ ಎಂದರೆ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಕರಗಿಸಿದ ನೀರು, ಅಷ್ಟೇ. ಹಿಂದೆ ನೈಸರ್ಗಿಕ ಖನಿಜ ಬುಗ್ಗೆಗಳ ನೀರನ್ನು ಅನುಕರಿಸಲು ಅದಕ್ಕೆ ಸೋಡಿಯಂ ಲವಣಗಳನ್ನೂ ಸೇರಿಸುತ್ತಿದ್ದರು. ಸೋಡಾ ವಾಟರ್ ಎಂಬ ಹೆಸರು ಹಾಗೆ ಉಳಿದುಕೊಂಡಿತು. ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬನೇಟ್. ವಾಷಿಂಗ್ ಸೋಡಾ ಎಂದರೆ ಸೋಡಿಯಂ ಕಾರ್ಬನೇಟ್, ಇದು ಬಾಯಿ ಮತ್ತು ಗಂಟಲನ್ನು ಸುಡಬಲ್ಲದು. ಕಾಸ್ಟಿಕ್ ಸೋಡಾ ಎಂದರೆ ಸೋಡಿಯಂ ಹೈಡ್ರಾಕ್ಸೈಡ್, ಇದು ಅನ್ನನಾಳವನ್ನೇ ತೂತು ಮಾಡಬಲ್ಲದು. ಆದ್ದರಿಂದ ಯಾವುದೇ ಸಂದೇಶ ಬರೀ ಸೋಡಾ ಎಂದಷ್ಟೇ ಬರೆದು ಕುಡಿಯಲು ಹೇಳಿದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಓದುವವರ ಮನೆಯ ಡಬ್ಬಿಯಲ್ಲಿ ಯಾವ ಸೋಡಾ ಇದೆಯೋ ನಮಗೆ ಗೊತ್ತಿರುವುದಿಲ್ಲ.

ಔಷಧಿ ಅಂಗಡಿಯಲ್ಲಿ ಹುಟ್ಟಿದ ಪಾನೀಯ

1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಬಿಯರ್ ತಯಾರಿಕಾ ಘಟಕವೊಂದರ ಪಕ್ಕದಲ್ಲಿ ವಾಸವಾಗಿದ್ದರು. ಹುದುಗುತ್ತಿದ್ದ ಬಿಯರ್ ತೊಟ್ಟಿಯ ಮೇಲೆ ನಿಲ್ಲುತ್ತಿದ್ದ ಅನಿಲ ನೀರಿನಲ್ಲಿ ಕರಗಿದರೆ ಆ ನೀರಿಗೆ ಹಿತವಾದ ಚುರುಕು ರುಚಿ ಬರುವುದನ್ನು ಅವರು ಕಂಡುಕೊಂಡರು. 1772ರಲ್ಲಿ ಅದನ್ನು ತಯಾರಿಸುವ ವಿಧಾನವನ್ನು ಪುಸ್ತಿಕೆಯಾಗಿ ಪ್ರಕಟಿಸಿದರು. ಸುಣ್ಣದ ಕಲ್ಲಿನ ಪುಡಿಗೆ ಗಂಧಕಾಮ್ಲ ಹಾಕಿ ಬರುವ ಅನಿಲವನ್ನು ನೀರಿಗೆ ಕರಗಿಸುವುದು ಆ ವಿಧಾನ.

ಈ ನೀರು ಹಡಗಿನ ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ ರೋಗವನ್ನು ತಡೆಯಬಹುದು ಎಂದು ಪ್ರೀಸ್ಟ್ಲಿ ನಂಬಿದ್ದರು. ಅದು ತಪ್ಪು ನಂಬಿಕೆ. ಸ್ಕರ್ವಿ ಬರುವುದು ವಿಟಮಿನ್ ಸಿ ಕೊರತೆಯಿಂದ. ಗುಣಪಡಿಸುವ ದಾರಿಯನ್ನು ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 1747ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಕಿತ್ತಳೆ, ನಿಂಬೆ ತಿಂದ ನಾವಿಕರು ಬೇಗ ಚೇತರಿಸಿಕೊಂಡಿದ್ದರು. ಅಂದರೆ ಗುಣವಿದ್ದದ್ದು ಹಣ್ಣಿನಲ್ಲಿ, ಹೆಸರು ಹೋದದ್ದು ಗ್ಯಾಸಿಗೆ. ಮುಂದಿನ ಇನ್ನೂರೈವತ್ತು ವರ್ಷ ಸೋಡಾದ ಕಥೆ ಹೆಚ್ಚುಕಡಿಮೆ ಹೀಗೇ ನಡೆದಿದೆ. ಲೋಟದಲ್ಲಿರುವ ಬೇರೆ ವಸ್ತುವಿನ ಗುಣವೋ ದೋಷವೋ ಗುಳ್ಳೆಗಳ ಲೆಕ್ಕಕ್ಕೆ ಜಮೆಯಾಗುತ್ತಾ ಬಂದಿದೆ.

1783ರಲ್ಲಿ ಜಿನೀವಾದ ಯೋಹಾನ್ ಜೇಕಬ್ ಶ್ವೆಪ್ ಸೋಡಾವನ್ನು ವ್ಯಾಪಾರವಾಗಿ ಬೆಳೆಸಿದರು. ಅಮೆರಿಕದಲ್ಲಿ ಯೇಲ್ ವಿದ್ಯಾಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕ ಬೆಂಜಮಿನ್ ಸಿಲಿಮನ್ 1806ರಲ್ಲಿ ಸೋಡಾ ನೀರನ್ನು ಮಾರತೊಡಗಿದರು. ಖನಿಜ ಬುಗ್ಗೆಯ ನೀರು ಆರೋಗ್ಯಕ್ಕೆ ಒಳ್ಳೆಯದು ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಹಾಗಾಗಿ ಸೋಡಾ ಯಂತ್ರಗಳು ಹೋಟೆಲುಗಳಿಗಿಂತ ಹೆಚ್ಚಾಗಿ ಔಷಧಿ ಅಂಗಡಿಗಳಲ್ಲಿ ನೆಲೆಯೂರಿದವು. ಔಷಧಿ ಅರೆಯುವವರೇ ಸೋಡಾ ಬೆರೆಸುತ್ತಿದ್ದರು. ಕಹಿ ಔಷಧಿಗೆ ಹಣ್ಣಿನ ಪಾಕ ಮತ್ತು ಸೋಡಾ ಸೇರಿಸಿದರೆ ರೋಗಿ ಮುಖ ಸಿಂಡರಿಸದೆ ಕುಡಿಯುತ್ತಿದ್ದ. ಕ್ರಮೇಣ ಔಷಧಿ ಬೇಡವಾಗಿ, ಪಾಕ ಮತ್ತು ಸೋಡಾವೇ ಸಾಕೆನಿಸಿತು.

ಇಂದಿನ ದೊಡ್ಡ ಬ್ರಾಂಡುಗಳು ಇದೇ ಕೌಂಟರುಗಳಿಂದ ಬಂದವು. ಡಾಕ್ಟರ್ ಪೆಪ್ಪರ್ 1885ರಲ್ಲಿ ಟೆಕ್ಸಾಸಿನ ಔಷಧಿ ಅಂಗಡಿಯೊಂದರಲ್ಲಿ ಹುಟ್ಟಿತು. ಔಷಧಿ ತಯಾರಕ ಜಾನ್ ಪೆಂಬರ್ಟನ್ ಅವರ ಕೋಕಾ ಕೋಲಾ 1886ರಲ್ಲಿ ಅಟ್ಲಾಂಟಾದ ಔಷಧಿ ಅಂಗಡಿಯಲ್ಲಿ ಲೋಟಕ್ಕೆ 5 ಸೆಂಟಿನಂತೆ ಮಾರಾಟವಾಯಿತು. ಪೆಪ್ಸಿಯೂ ಔಷಧಿ ವ್ಯಾಪಾರಿಯೊಬ್ಬರ ಸೃಷ್ಟಿಯೇ.

ಈ ಕೌಂಟರುಗಳಲ್ಲಿ ರಾಸ್ಪ್‌ಬೆರಿ, ಚೆರಿ, ಅನಾನಸ್, ದ್ರಾಕ್ಷಿ, ನಿಂಬೆಯ ಪಾಕಗಳು ಸಾಲಾಗಿ ಇರುತ್ತಿದ್ದವು. ಹಣ್ಣಿನ ಪಾಕಕ್ಕೆ ಸೋಡಾ ಸುರಿದು ಆ್ಯಸಿಡ್ ಫಾಸ್ಫೇಟ್ ಎಂಬ ಹುಳಿ ದ್ರವದ ಕೆಲವು ಹನಿ ಹಾಕಿದರೆ ಅದು ಫಾಸ್ಫೇಟ್. ನಿಂಬೆರಸ, ಸಕ್ಕರೆ, ಸೋಡಾ ಸೇರಿದರೆ ಲೈಮ್ ರಿಕಿ. ನಮ್ಮ ರಸ್ತೆ ಬದಿಯ ಸ್ವೀಟ್ ನಿಂಬೆ ಸೋಡಾವನ್ನು ಕುಡಿದವರಿಗೆ ರಿಕಿಯ ರುಚಿ ಬೇರೆ ವಿವರಿಸಬೇಕಿಲ್ಲ. ನ್ಯೂಯಾರ್ಕಿನ ಎಗ್ ಕ್ರೀಮ್ ಎಂಬ ಪಾನೀಯದಲ್ಲಿ ಮೊಟ್ಟೆಯೂ ಇಲ್ಲ, ಕೆನೆಯೂ ಇಲ್ಲ. ಹಾಲು, ಚಾಕೊಲೇಟ್ ಪಾಕ ಮತ್ತು ಸೋಡಾ ಮಾತ್ರ.

ಎರಡನೇ ಮಹಾಯುದ್ಧದ ನಂತರ ಬಾಟಲಿ ಪಾನೀಯ, ಮನೆಯ ಫ್ರಿಜ್ ಮತ್ತು ಕಾರು ಬಂದ ಮೇಲೆ ಜನ ಕೌಂಟರಿಗೆ ಹೋಗುವುದು ಕಡಿಮೆಯಾಗಿ ಸೋಡಾ ಫೌಂಟನ್‌ಗಳು ಒಂದೊಂದಾಗಿ ಮುಚ್ಚಿದವು.

ಹಳೆಯ ಕಾಲದ್ದೆಲ್ಲ ಶುದ್ಧವೇ?

ಹಳೆಯ ಪಾನೀಯಗಳಲ್ಲಿ ಕೆಮಿಕಲ್ ಇರಲಿಲ್ಲ, ಎಲ್ಲವೂ ಶುದ್ಧ ಹಣ್ಣು ಎಂಬ ಮಾತು ಈ ವಿಡಿಯೊಗಳಲ್ಲಿ ಸಾಮಾನ್ಯ. ಇತಿಹಾಸ ಹಾಗೆ ಹೇಳುವುದಿಲ್ಲ.

ಆಗಲೇ ಕೃತಕ ಹಣ್ಣಿನ ಎಸೆನ್ಸ್‌ಗಳು ಬಂದಿದ್ದವು. 1851ರ ಲಂಡನ್ ಮಹಾ ಪ್ರದರ್ಶನದಲ್ಲೇ ಪ್ರಯೋಗಾಲಯದಲ್ಲಿ ತಯಾರಾದ ಪೇರ್ ಹಣ್ಣಿನ ಪರಿಮಳವನ್ನು ಜನ ಸವಿದಿದ್ದರು. ಪಾಕಗಳಿಗೆ ಕಲ್ಲಿದ್ದಲು ಟಾರಿನಿಂದ ತೆಗೆದ ಬಣ್ಣಗಳನ್ನು ಹಾಕುತ್ತಿದ್ದರು. ಸೋಡಾ ಹುಳಿಯಾದ್ದರಿಂದ ಯಂತ್ರದ ತಾಮ್ರ ಮತ್ತು ಸೀಸದ ಕೊಳವೆಗಳನ್ನು ಕೊರೆದು ಆ ಲೋಹಗಳನ್ನು ಲೋಟಕ್ಕೆ ತರುತ್ತಿತ್ತು. ಆರಂಭದ ಕೋಕಾ ಕೋಲಾದಲ್ಲಿ ಕೋಕಾ ಎಲೆಯ ಸಾರದಿಂದ ಬಂದ ಕೊಕೇನ್ ಇತ್ತು. 1929ರಲ್ಲಿ ಮಾರುಕಟ್ಟೆಗೆ ಬಂದ ಸೆವೆನ್ ಅಪ್‌ನಲ್ಲಿ ಮನೋರೋಗದ ಔಷಧಿಯಾಗಿ ನಾವು ಈಗ ಬಲ್ಲ ಲಿಥಿಯಂ ಇತ್ತು. ಎರಡನ್ನೂ ನಂತರ ತೆಗೆದುಹಾಕಲಾಯಿತು. ಅಮೆರಿಕದಲ್ಲಿ 1906ರಲ್ಲಿ ಶುದ್ಧ ಆಹಾರ ಮತ್ತು ಔಷಧ ಕಾಯ್ದೆ ಬಂದದ್ದೇ ಇಂಥ ಕಲಬೆರಕೆಗಳಿಂದ ಜನ ಬೇಸತ್ತಿದ್ದರಿಂದ.

ಹಾಗಾದರೆ ಮನೆಯಲ್ಲಿ ಮಾಡುವುದರಿಂದ ಲಾಭವೇನು? ಲೋಟದಲ್ಲಿ ಏನು ಎಷ್ಟಿದೆ ಎಂಬುದು ನಿಮ್ಮ ಕೈಯಲ್ಲಿರುತ್ತದೆ. ಹಣ್ಣು ನಿಜವಾದ ಹಣ್ಣಾಗಿರುತ್ತದೆ, ಸಕ್ಕರೆ ನೀವು ಅಳೆದು ಹಾಕಿದಷ್ಟೇ ಇರುತ್ತದೆ.

ಮನೆಯಲ್ಲಿ ಮಾಡುವುದು ಹೇಗೆ?

ಹಳೆಯ ಸೋಡಾ ಕೌಂಟರಿನ ಗುಟ್ಟು ಒಂದೇ. ಪಾಕ ಬೇರೆ, ಸೋಡಾ ಬೇರೆ. ಕುಡಿಯುವ ಹೊತ್ತಿಗೆ ಮಾತ್ರ ಎರಡನ್ನೂ ಸೇರಿಸುವುದು. ಅಂಗಡಿಯಿಂದ ತಂದ ಸಾದಾ ಸೋಡಾ ಬಾಟಲಿಯೇ ಸಾಕು. ಮನೆಯಲ್ಲಿ ಸೋಡಾ ಯಂತ್ರವಿದ್ದರೆ ಬರೀ ತಣ್ಣೀರಿಗೆ ಗ್ಯಾಸ್ ತುಂಬಿಸಿ. ಹಣ್ಣಿನ ರಸಕ್ಕೆ ನೇರವಾಗಿ ತುಂಬಿಸಿದರೆ ನೊರೆ ಉಕ್ಕಿ ಯಂತ್ರದ ಬಾಯಿ ಕಟ್ಟಿಕೊಳ್ಳುತ್ತದೆ.

ದ್ರಾಕ್ಷಿ ಸೋಡಾ: ಇದಕ್ಕೆ ಬೀಜವಿರುವ ಕಪ್ಪು ಬೆಂಗಳೂರು ನೀಲಿ ದ್ರಾಕ್ಷಿಯೇ ಚೆನ್ನ. ಬೆಂಗಳೂರು ಸುತ್ತಮುತ್ತ ಬೆಳೆಯುವ ಈ ದ್ರಾಕ್ಷಿ ಅಮೆರಿಕ ಮೂಲದ ಲಬ್ರಸ್ಕಾ ದ್ರಾಕ್ಷಿಯ ನಂಟು. ಅಮೆರಿಕದ ಗ್ರೇಪ್ ಸೋಡಾಕ್ಕೆ ಆ ವಿಶಿಷ್ಟ ವಾಸನೆ ಕೊಟ್ಟದ್ದೂ ಇದೇ ಕುಲದ ದ್ರಾಕ್ಷಿ. ಗ್ರೇಪ್ ಫ್ಲೇವರ್ ಮಿಠಾಯಿಗೆ ಬರುವ ಪರಿಮಳ ಸಾದಾ ಹಸಿರು ದ್ರಾಕ್ಷಿಯಲ್ಲಿ ಸಿಗದಿರುವುದು ಇದೇ ಕಾರಣಕ್ಕೆ. 250 ಗ್ರಾಂ ದ್ರಾಕ್ಷಿಯನ್ನು ಚೆನ್ನಾಗಿ ತೊಳೆದು, ಅರ್ಧ ಕಪ್ ನೀರಿನ ಜೊತೆ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬೇಯಿಸಿ. ಸಿಪ್ಪೆ ಒಡೆದು ಬಣ್ಣ ಬಿಟ್ಟ ಮೇಲೆ ಸೌಟಿನಲ್ಲಿ ಹಿಸುಕಿ, ತೆಳು ಬಟ್ಟೆಯಲ್ಲಿ ಸೋಸಿ. ಬಿಸಿ ಇರುವಾಗಲೇ 100 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಕರಗಿಸಿ. ಆರಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ.

ಲೈಮ್ ರಿಕಿ: ನಿಂಬೆಯ ಪರಿಮಳ ಹೆಚ್ಚಾಗಿ ಇರುವುದು ರಸದಲ್ಲಲ್ಲ, ಹೊರ ಸಿಪ್ಪೆಯ ಎಣ್ಣೆಯಲ್ಲಿ. ನಾಲ್ಕು ನಿಂಬೆಹಣ್ಣಿನ ಹೊರ ಸಿಪ್ಪೆಯನ್ನಷ್ಟೇ ತೆಳ್ಳಗೆ ತುರಿದು 100 ಗ್ರಾಂ ಸಕ್ಕರೆಯ ಜೊತೆ ಕೈಯಲ್ಲಿ ತಿಕ್ಕಿ ಒಂದು ಗಂಟೆ ಮುಚ್ಚಿಡಿ. ಒಳಗಿನ ಬಿಳಿ ಭಾಗ ಬಂದರೆ ಕಹಿಯಾಗುತ್ತದೆ. ಸಕ್ಕರೆ ಎಣ್ಣೆಯನ್ನು ಹೀರಿಕೊಂಡ ಮೇಲೆ 100 ಮಿ.ಲೀ. ಬಿಸಿನೀರು ಹಾಕಿ ಕರಗಿಸಿ, ಆರಿಸಿ, ಸೋಸಿ, ಕೊನೆಗೆ ನಾಲ್ಕೂ ಹಣ್ಣಿನ ರಸ ಸೇರಿಸಿ. ರಸವನ್ನು ಕುದಿಸಬೇಡಿ, ಪರಿಮಳ ಹೋಗುತ್ತದೆ.

ಅನಾನಸ್ ಸೋಡಾ: ಇದಕ್ಕೆ ಒಲೆಯೇ ಬೇಡ. 250 ಗ್ರಾಂ ಅನಾನಸ್ ಹೋಳುಗಳಿಗೆ 100 ಗ್ರಾಂ ಸಕ್ಕರೆ ಬೆರೆಸಿ ಮುಚ್ಚಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಉಪ್ಪಿನಕಾಯಿಯಲ್ಲಿ ಉಪ್ಪು ಮಾವಿನ ಹೋಳಿನಿಂದ ನೀರೆಳೆಯುವ ಹಾಗೆ ಇಲ್ಲಿ ಸಕ್ಕರೆ ರಸವನ್ನು ಹೊರಕ್ಕೆ ಎಳೆಯುತ್ತದೆ. ಬೆಳಿಗ್ಗೆ ಸೋಸಿದರೆ ಪಾಕ ಸಿದ್ಧ.

ಲೋಟಕ್ಕೆ ಎರಡು ಟೇಬಲ್ ಚಮಚ ಪಾಕ ಹಾಕಿ. ಲೋಟ ಓರೆ ಮಾಡಿ 200 ಮಿ.ಲೀ. ತಣ್ಣನೆಯ ಸೋಡಾವನ್ನು ಅಂಚಿನಿಂದ ನಿಧಾನವಾಗಿ ಸುರಿಯಿರಿ. ಚಮಚದಿಂದ ಕೆಳಗಿನಿಂದ ಒಮ್ಮೆ ಎತ್ತಿ ಕಲಸಿದರೆ ಸಾಕು. ಫಾಸ್ಫೇಟ್‌ನ ಹುಳಿ ಬೇಕೆನಿಸಿದರೆ ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಸಿಡ್ ಚಿಟಿಕೆಯಷ್ಟು ಹಾಕಬಹುದು. ಫಾಸ್ಫಾರಿಕ್ ಆಸಿಡ್ ತರಿಸಿಕೊಳ್ಳುವ ಸಾಹಸ ಬೇಡ.

ಸೋಡಾ ತಣ್ಣಗಿರಬೇಕು ಎನ್ನುವುದಕ್ಕೆ ಕಾರಣವಿದೆ. ಸಾಮಾನ್ಯ ವಾಯು ಒತ್ತಡದಲ್ಲಿ 0 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಲೀಟರ್ ನೀರಿನಲ್ಲಿ ಸುಮಾರು 3.3 ಗ್ರಾಂ ಇಂಗಾಲದ ಡೈಆಕ್ಸೈಡ್ ಕರಗುತ್ತದೆ. 25 ಡಿಗ್ರಿಯಲ್ಲಿ ಕರಗುವುದು ಸುಮಾರು 1.5 ಗ್ರಾಂ ಮಾತ್ರ. ಬೆಚ್ಚಗಿನ ಸೋಡಾ ಮುಚ್ಚಳ ತೆಗೆದ ತಕ್ಷಣ ಬುಸ್ಸೆಂದು ಉಕ್ಕಿ, ಲೋಟಕ್ಕೆ ಬರುವಷ್ಟರಲ್ಲಿ ಸಪ್ಪೆಯಾಗುವುದು ಅದಕ್ಕೇ. ಹಣ್ಣಿನ ತಿರುಳು ಉಳಿದರೆ ಅದರ ಸುತ್ತ ಗುಳ್ಳೆಗಳು ಕಟ್ಟಿ ಗ್ಯಾಸ್ ಬೇಗ ಹೊರಟುಹೋಗುತ್ತದೆ. ಸೋಸುವುದು ಅದಕ್ಕಾಗಿ.

ಯಾವುದನ್ನು ಮಾಡಲೇಬಾರದು?

1. ಬಾಟಲಿಯಲ್ಲಿ ಅಡುಗೆ ಸೋಡಾ ಹಾಕಿ ಮುಚ್ಚಳ ಬಿಗಿಯಬೇಡಿ. ಅಡುಗೆ ಸೋಡಾ ಮತ್ತು ನಿಂಬೆರಸ ಸೇರಿದರೆ ಗ್ಯಾಸ್ ಬರುವುದು ನಿಜ. ಆದರೆ ಎಷ್ಟು ಬರುತ್ತದೆ ಎಂಬುದರ ಮೇಲೆ ಮನೆಯಲ್ಲಿ ಹಿಡಿತವಿರುವುದಿಲ್ಲ. ಅಂಗಡಿಯ ಸೋಡಾ ಬಾಟಲಿಯೊಳಗಿನ ಒತ್ತಡವೇ ಕಾರಿನ ಟೈರಿನದಕ್ಕಿಂತ ಹೆಚ್ಚು. ಅದನ್ನು ತಾಳಲೆಂದೇ ಆ ಬಾಟಲಿಯನ್ನು ರೂಪಿಸಿರುತ್ತಾರೆ. ಜ್ಯಾಮ್ ಬಾಟಲಿ, ನೀರಿನ ಬಾಟಲಿ, ಗೀರು ಬಿದ್ದ ಹಳೆಯ ಗಾಜಿನ ಬಾಟಲಿ ಅದಕ್ಕೆ ತಯಾರಾದವಲ್ಲ. ಒಡೆದ ಗಾಜು ಮೊದಲು ತಾಗುವುದು ಕಣ್ಣಿಗೆ.

2. ಡ್ರೈ ಐಸ್ ಮುಟ್ಟಬೇಡಿ. ಹೊಗೆ ಏಳುವ ಪಾನೀಯ ವಿಡಿಯೊದಲ್ಲಿ ಚೆಂದ. ಆದರೆ ಡ್ರೈ ಐಸ್ ಎಂದರೆ ಮೈನಸ್ 78 ಡಿಗ್ರಿಯಷ್ಟು ತಣ್ಣಗಿರುವ ಘನ ಇಂಗಾಲದ ಡೈಆಕ್ಸೈಡ್. ಚೂರು ನುಂಗಿದರೆ ಬಾಯಿ, ಅನ್ನನಾಳ, ಹೊಟ್ಟೆ ಸುಟ್ಟಂತಾಗುತ್ತದೆ. 2024ರ ಮಾರ್ಚ್‌ನಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಬಾಯಿ ತಾಜಾ ಮಾಡಲೆಂದು ಕೊಟ್ಟ ಡ್ರೈ ಐಸ್ ತಿಂದವರು ರಕ್ತವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರು. ಹೊಗೆ ಬಿಸ್ಕತ್ತಿಗೆ ಬಳಸುವ ದ್ರವ ಸಾರಜನಕ ಬೇರೆ ವಸ್ತುವಾದರೂ ಅಪಾಯ ಇದೇ ಜಾತಿಯದು. ಅದೇ ವರ್ಷ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಅದರ ಬಳಕೆಗೆ ಕಡಿವಾಣ ಹಾಕಿತು. ಮುಚ್ಚಿದ ಬಾಟಲಿಗೆ ಡ್ರೈ ಐಸ್ ಹಾಕುವುದಂತೂ ಬಾಂಬ್ ಮಾಡಿದಂತೆಯೇ. ಒಂದು ಕಿಲೋ ಡ್ರೈ ಐಸ್ ಕರಗಿದರೆ 500 ಲೀಟರ್‌ಗೂ ಹೆಚ್ಚು ಅನಿಲವಾಗುತ್ತದೆ.

3. ತಾಮ್ರ, ಹಿತ್ತಾಳೆಯ ಲೋಟದಲ್ಲಿ ಕುಡಿಯಬೇಡಿ. ತಾಮ್ರದ ತಂಬಿಗೆಯಲ್ಲಿ ನೀರು ಇಡುವ ರೂಢಿ ಇರಬಹುದು. ಸೋಡಾ ಮತ್ತು ಹಣ್ಣಿನ ರಸ ಎರಡೂ ಹುಳಿ, ಲೋಹವನ್ನು ಕರಗಿಸುತ್ತವೆ. ಹೆಚ್ಚು ತಾಮ್ರ ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವು ಬರುತ್ತದೆ. ಗಾಜು ಅಥವಾ ಸ್ಟೀಲ್ ಲೋಟ ಸಾಕು.

4. ಪಾಕವನ್ನು ಹೊರಗೆ ಇಡಬೇಡಿ. ಮನೆಯ ಪಾಕದಲ್ಲಿ ಸಂರಕ್ಷಕ ಇರುವುದಿಲ್ಲ. ಬೇಯಿಸಿದ್ದನ್ನು ಫ್ರಿಜ್‌ನಲ್ಲಿಟ್ಟು ಒಂದು ವಾರದೊಳಗೆ, ಬೇಯಿಸದ್ದನ್ನು ಎರಡು ಮೂರು ದಿನದೊಳಗೆ ಮುಗಿಸಿ. ಹೊರಗಿಟ್ಟರೆ ಹುದುಗು ಬಂದು ಮುಚ್ಚಿದ ಬಾಟಲಿ ಸಿಡಿಯಬಹುದು. ಗುಳ್ಳೆ, ಹೆಂಡದ ವಾಸನೆ, ಬೂಷ್ಟು ಕಂಡರೆ ಚೆಲ್ಲಿಬಿಡಿ.

5. ಸಿಕ್ಕ ಸಿಲಿಂಡರಿನಿಂದ ಗ್ಯಾಸ್ ತುಂಬಬೇಡಿ. ವೆಲ್ಡಿಂಗ್ ಅಂಗಡಿಯ ಅಥವಾ ಬೆಂಕಿ ನಂದಿಸುವ ಸಿಲಿಂಡರಿನ ಅನಿಲ ಆಹಾರದ ದರ್ಜೆಯದಲ್ಲ.

ಮೂಳೆ ಕರಗುತ್ತದೆಯೇ?

ಸಾದಾ ಸೋಡಾದಿಂದ ಮೂಳೆ ಸವೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಸೋಡಾದ ಗ್ಯಾಸ್ ಹೊಟ್ಟೆಯಿಂದ ತೇಗಾಗಿ ಹೊರಬರುತ್ತದೆ, ಉಳಿದದ್ದು ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗಿ ಉಸಿರಿನಲ್ಲಿ ಹೊರಹೋಗುತ್ತದೆ. ನಮ್ಮ ದೇಹವೇ ಪ್ರತಿ ಕ್ಷಣ ತಯಾರಿಸುವ ಅನಿಲ ಇದು.

ಈ ಭಯಕ್ಕೆ ಒಂದು ಎಳೆ ಇದೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದ 2006ರ ವರದಿಯಲ್ಲಿ ಕೋಲಾ ಹೆಚ್ಚು ಕುಡಿಯುವ ಹೆಂಗಸರ ಸೊಂಟದ ಮೂಳೆಯ ಸಾಂದ್ರತೆ ಕಡಿಮೆ ಇದ್ದದ್ದು ಕಂಡುಬಂತು. ಕೋಲಾ ಅಲ್ಲದ ಗ್ಯಾಸ್ ಪಾನೀಯಗಳಲ್ಲಿ ಅಂಥ ನಂಟು ಕಾಣಲಿಲ್ಲ. ಅಂದರೆ ತಪ್ಪು ಗುಳ್ಳೆಗಳದ್ದಲ್ಲ. ಕೋಲಾದ ಬೇರೆ ಅಂಶಗಳೋ, ಹಾಲು ಬಿಟ್ಟು ಕೋಲಾ ಕುಡಿಯುವ ಅಭ್ಯಾಸವೋ ಕಾರಣವಿರಬಹುದು.

ಹಲ್ಲಿನ ಕಥೆ ಏನು?

ಹಲ್ಲಿನ ವಿಷಯದಲ್ಲಿ ಎಚ್ಚರ ಬೇಕು. ಆದರೆ ಇಲ್ಲಿಯೂ ಗ್ಯಾಸ್ ಮುಖ್ಯ ಅಪರಾಧಿಯಲ್ಲ. ಹುಳಿಯನ್ನು ಅಳೆಯುವ ಪಿಎಚ್ ಮಾಪನದಲ್ಲಿ ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಸುಮಾರು 5.5ಕ್ಕಿಂತ ಕೆಳಗೆ ಹಲ್ಲಿನ ಎನಾಮಲ್ ಮೆತ್ತಗಾಗತೊಡಗುತ್ತದೆ. ಸಾದಾ ಸೋಡಾ 4ರಿಂದ 5ರ ಆಸುಪಾಸಿನಲ್ಲಿದೆ, ಅದರ ಹುಳಿ ದುರ್ಬಲ. ಕೋಲಾ ಸುಮಾರು 2.5, ನಿಂಬೆರಸ 2ರಿಂದ 2.5. ಹಲ್ಲನ್ನು ಕೋಲಾದಲ್ಲಿ ನೆನೆಸಿದರೆ ರಾತ್ರಿಯೊಳಗೆ ಕರಗಿ ಮಾಯವಾಗುವುದಿಲ್ಲ, ಮೇಲ್ಮೈ ಮೆತ್ತಗಾಗುತ್ತದೆ. ಶುದ್ಧ ನಿಂಬೆರಸದಲ್ಲಿ ನೆನೆಸಿದರೂ ಹಾಗೇ ಆಗುತ್ತದೆ.

ಆದ್ದರಿಂದ ಮನೆಯಲ್ಲಿ ಮಾಡಿದ ಹಣ್ಣಿನ ಸೋಡಾ ಹಲ್ಲಿಗೆ ಸುರಕ್ಷಿತ ಎಂದುಕೊಳ್ಳಬೇಡಿ. ದಿನವಿಡೀ ಗುಟುಕು ಗುಟುಕಾಗಿ ಹೀರುವ ಬದಲು ಊಟದ ಜೊತೆ ಕುಡಿದು ಮುಗಿಸಿ, ಬಾಯಿ ಮುಕ್ಕಳಿಸಿ. ತಕ್ಷಣ ಹಲ್ಲುಜ್ಜಬೇಡಿ, ಅರ್ಧ ಗಂಟೆಯಾದರೂ ಬಿಡಿ.

ಬೆಲ್ಲ ಹಾಕಿದರೆ ಸಕ್ಕರೆ ಕಾಯಿಲೆಯವರು ಕುಡಿಯಬಹುದೇ?

ಲೋಟದಲ್ಲಿ ನಿಜಕ್ಕೂ ಲೆಕ್ಕ ಹಾಕಬೇಕಾದ್ದು ಸಕ್ಕರೆ. 2,000 ಕಿಲೋ ಕ್ಯಾಲೊರಿ ಆಹಾರ ತೆಗೆದುಕೊಳ್ಳುವವರು ದಿನಕ್ಕೆ 50 ಗ್ರಾಂಗಿಂತ ಕಡಿಮೆ, ಸಾಧ್ಯವಾದರೆ 25 ಗ್ರಾಂ ಒಳಗೆ ಸಕ್ಕರೆ ತಿನ್ನಬೇಕು ಎಂಬ ಲೆಕ್ಕ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿಂದ ಬರುತ್ತದೆ. 300 ಮಿ.ಲೀ. ಕೋಲಾದಲ್ಲಿ ಸುಮಾರು 32 ಗ್ರಾಂ ಇರುತ್ತದೆ. ಮೇಲೆ ಹೇಳಿದ ದ್ರಾಕ್ಷಿ ಪಾಕ ಎರಡು ಚಮಚ ಹಾಕಿದರೆ ಸುಮಾರು 15 ಗ್ರಾಂ. ನಾಲ್ಕು ಚಮಚ ಹಾಕಿದಿರೋ, ಕೋಲಾಕ್ಕೆ ಹತ್ತಿರ ಬಂದಿರಿ.

ಬೆಲ್ಲ, ಜೇನುತುಪ್ಪ, ಕಲ್ಲುಸಕ್ಕರೆ ಎಲ್ಲವೂ ಸಕ್ಕರೆಯೇ. ಹಿಂಡಿ ಸೋಸಿದ ಹಣ್ಣಿನ ರಸದ ಸಕ್ಕರೆಯನ್ನೂ ವಿಶ್ವ ಆರೋಗ್ಯ ಸಂಸ್ಥೆ ಇದೇ ಲೆಕ್ಕಕ್ಕೆ ಸೇರಿಸುತ್ತದೆ, ಏಕೆಂದರೆ ನಾರು ಸೋಸುಬಟ್ಟೆಯಲ್ಲೇ ಉಳಿದಿರುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಸಕ್ಕರೆ ಹಾಕದ, ನಿಂಬೆ ಹಿಂಡಿದ ಸಾದಾ ಸೋಡಾ ಉತ್ತಮ.

ಊಟ ಜೀರ್ಣವಾಗುತ್ತದೆಯೇ?

ಸೋಡಾ ಕುಡಿದಾಗ ಬರುವ ದೊಡ್ಡ ತೇಗು ಊಟ ಕರಗಿದ್ದರ ಗುರುತಲ್ಲ. ಕುಡಿದ ಗ್ಯಾಸೇ ವಾಪಸು ಬಂದದ್ದು. ಹೊಟ್ಟೆಯೊಳಗಿನ ಗಾಳಿಯೂ ಅದರ ಜೊತೆ ಹೊರಬಂದು ಹಗುರ ಅನಿಸಬಹುದು. ಅಜೀರ್ಣ ಮತ್ತು ಮಲಬದ್ಧತೆ ಇರುವವರ ಮೇಲೆ ನಡೆದ ಸಣ್ಣ ಅಧ್ಯಯನಗಳಲ್ಲಿ ಗ್ಯಾಸ್ ತುಂಬಿದ ನೀರಿನಿಂದ ಸ್ವಲ್ಪ ಅನುಕೂಲವಾದದ್ದೂ ಇದೆ. ಆದರೆ ಎದೆಯುರಿ, ಹುಳಿತೇಗು ಇರುವ ಕೆಲವರಿಗೆ ಇದೇ ಸೋಡಾ ತೊಂದರೆ ಹೆಚ್ಚಿಸುತ್ತದೆ.

ಅಡುಗೆ ಸೋಡಾ ಕುಡಿಯುವುದು ಬೇರೆಯೇ ವಿಷಯ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ 1,200 ಮಿಲಿಗ್ರಾಂಗೂ ಹೆಚ್ಚು ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಇಡೀ ದಿನದ ಮಿತಿಯೇ 2,000 ಮಿಲಿಗ್ರಾಂ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಇದು ನೇರ ಅಪಾಯ. ಹೊಟ್ಟೆ ಬಿರಿಯ ಉಂಡ ಮೇಲೆ ಅಡುಗೆ ಸೋಡಾ ಕುಡಿದು ಜಠರವೇ ಹರಿದ ಅಪರೂಪದ ಪ್ರಕರಣಗಳೂ ವೈದ್ಯಕೀಯ ದಾಖಲೆಗಳಲ್ಲಿವೆ. ಅದು ರಕ್ತವನ್ನು ಕ್ಷಾರೀಯ ಮಾಡಿ ಕ್ಯಾನ್ಸರ್ ಕೊಲ್ಲುತ್ತದೆ ಎಂಬುದು ಸುಳ್ಳು. ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರುವಂತೆ ಶ್ವಾಸಕೋಶ ಮತ್ತು ಕಿಡ್ನಿಗಳು ನೋಡಿಕೊಳ್ಳುತ್ತವೆ.

ಭೇದಿಯಾದಾಗ ಮಕ್ಕಳಿಗೆ ಸೋಡಾ ಕುಡಿಸುವ ರೂಢಿಯೂ ಕೆಲವೆಡೆ ಇದೆ. ಆಗ ಬೇಕಿರುವುದು ಓಆರ್‌ಎಸ್. ಸಿಹಿ ಸೋಡಾದಲ್ಲಿ ಸಕ್ಕರೆ ಹೆಚ್ಚಿ, ಲವಣ ಕಡಿಮೆಯಾಗಿ ಭೇದಿ ಇನ್ನಷ್ಟು ಹೆಚ್ಚಬಹುದು.

ಎದೆನೋವಿಗೆ ಸೋಡಾ ಕುಡಿದು ಕಾಯಬೇಡಿ

ಈ ಲೇಖನದಲ್ಲಿ ನೀವು ಒಂದೇ ಭಾಗವನ್ನು ಮನೆಯವರಿಗೆ ಓದಿ ಹೇಳುವುದಾದರೆ ಇದನ್ನೇ ಹೇಳಿ.

ಎದೆ ಬಿಗಿದಂತಾದರೆ ನಮ್ಮಲ್ಲಿ ಮೊದಲು ಬರುವ ಮಾತು, ಗ್ಯಾಸ್ ಇರಬೇಕು, ಒಂದು ಸೋಡಾ ಕುಡಿ. ಹೃದಯಾಘಾತವೂ ಎಷ್ಟೋ ಸಲ ಹೊಟ್ಟೆಯ ತೊಂದರೆಯಂತೆಯೇ ಕಾಣಿಸಿಕೊಳ್ಳುತ್ತದೆ. ಮೇಲ್ಹೊಟ್ಟೆಯಲ್ಲಿ ಉರಿ, ವಾಕರಿಕೆ, ತೇಗು. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಉಸಿರುಗಟ್ಟುವಿಕೆ ಇರಬಹುದು. ಸೋಡಾ ಕುಡಿದ ಮೇಲೆ ತೇಗು ಬಂದು ಸ್ವಲ್ಪ ಹಗುರ ಅನಿಸಿತು ಎಂದ ಮಾತ್ರಕ್ಕೆ ಅದು ಗ್ಯಾಸೇ ಎಂದು ತೀರ್ಮಾನಿಸುವಂತಿಲ್ಲ. ಹೃದಯದ ನೋವೂ ಬಂದು ಹೋಗಿ ಮಾಡುತ್ತದೆ. ಅಷ್ಟರಲ್ಲಿ ಹೃದಯದ ಸ್ನಾಯು ರಕ್ತವಿಲ್ಲದೆ ಸಾಯುತ್ತಾ ಹೋಗುತ್ತದೆ. ಕಳೆದ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಎದೆಯಲ್ಲಿ ಒತ್ತಿದಂತೆ ನೋವು, ಎಡಗೈಗೆ, ದವಡೆಗೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ಕಷ್ಟ ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಕರೆ ಮಾಡಿ, ಇಸಿಜಿ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಗಾಡಿ ಓಡಿಸಿಕೊಂಡು ಒಬ್ಬರೇ ಹೋಗಬೇಡಿ. ಕರ್ನಾಟಕದಲ್ಲಿ 2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮತ್ತು ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಪರೀಕ್ಷೆಯಲ್ಲಿ ಬರೀ ಗ್ಯಾಸ್ ಎಂದು ಗೊತ್ತಾದರೆ ಒಳ್ಳೆಯದೇ ಆಯಿತು, ಮನೆಗೆ ಬಂದು ಸೋಡಾ ಕುಡಿಯಬಹುದು.

ಒಟ್ಟಿನಲ್ಲಿ ಹೇಳುವುದಾದರೆ

ಸೋಡಾದ ಗುಳ್ಳೆಗಳು ನಾಲಿಗೆಗೆ ಚುರುಕು ಕೊಡುತ್ತವೆ, ಅದಕ್ಕಿಂತ ಹೆಚ್ಚಿನದೇನನ್ನೂ ಅವುಗಳಿಂದ ನಿರೀಕ್ಷಿಸುವುದು ಬೇಡ, ಅವುಗಳ ಮೇಲೆ ಹೊರಿಸುವುದೂ ಬೇಡ. ಹಣ್ಣು ಹಣ್ಣಿನ ಕೆಲಸ ಮಾಡುತ್ತದೆ, ಸಕ್ಕರೆ ಸಕ್ಕರೆಯ ಕೆಲಸ ಮಾಡುತ್ತದೆ, ಹುಳಿ ಹುಳಿಯ ಕೆಲಸ ಮಾಡುತ್ತದೆ. ಮುಂದಿನ ಸಲ ಸೋಡಾ ಬಗ್ಗೆ ಫಾರ್ವರ್ಡ್ ಬಂದಾಗ ಮೂರು ಪ್ರಶ್ನೆ ಕೇಳಿ ನೋಡಿ. ಯಾವ ಸೋಡಾ ಎಂದು ಹೇಳಿದ್ದಾರೆಯೇ? ಎಷ್ಟು ಪ್ರಮಾಣ ಎಂದು ಹೇಳಿದ್ದಾರೆಯೇ? ಯಾರು ಕುಡಿಯಬಾರದು ಎಂದು ಹೇಳಿದ್ದಾರೆಯೇ? ಮೂರಕ್ಕೂ ಉತ್ತರವಿಲ್ಲದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.